ಕಲೆ ಓದಿ ಏನು ಮಾಡ್ತಾಳೆ?

ಮಾನ್ಯರೇ,

ಅಮೆರಿಕದಲ್ಲಿ ಎಂ.ಎಸ್. ಎಂದರೆ ಯಾರೂ ಮರುಮಾತಾಡುವುದಿಲ್ಲ. ನಮ್ಮ ಪಕ್ಕದ ಮನೆ ಹುಡುಗಿ ಹಳೆಯ ಚಿತ್ರಗಳ ದುರಸ್ತಿ ಕಲಿಯಲು ಇಟಲಿಯ ಫ್ಲಾರೆನ್ಸ್‌ಗೆ ಹೊರಟಾಗ ಮಾತ್ರ ಬೀದಿಗೆಲ್ಲ ಚಿಂತೆ, 'ಅದನ್ನು ಓದಿ ಏನು ಮಾಡ್ತಾಳೆ?'

1966ರ ನವೆಂಬರ್ 4ರಂದು ಆರ್ನೊ ನದಿ ಉಕ್ಕಿ ಆ ಊರಿಗೆ ನುಗ್ಗಿತು. ಸಾಂತಾ ಕ್ರೋಚೆ ಚರ್ಚ್‌ನಲ್ಲಿದ್ದ, ಹಳೆಯ ಕಾಲದ ಚಿತ್ರಕಾರ ಚಿಮಾಬುವೆಯ ಶಿಲುಬೆ ಚಿತ್ರದ ಬಣ್ಣ ಅರ್ಧಕ್ಕಿಂತ ಜಾಸ್ತಿ ಉದುರಿಹೋಯಿತು. ಲಕ್ಷಗಟ್ಟಲೆ ಪುಸ್ತಕಗಳು ಕೆಸರಾದವು. ಅವನ್ನು ಎತ್ತಿ ತೊಳೆದವರಲ್ಲಿ ದೇಶ ದೇಶಗಳ ವಿದ್ಯಾರ್ಥಿಗಳಿದ್ದರು. 'ಕೆಸರಿನ ದೇವದೂತರು' ಅಂತಲೇ ಅವರಿಗೆ ಹೆಸರಾಯಿತು. 1588ರಲ್ಲಿ ಆ ಊರನ್ನಾಳುತ್ತಿದ್ದ ಮೆದಿಚಿ ಮನೆತನದ ದೊರೆ ಅಲ್ಲಿ ಬಣ್ಣದ ಕಲ್ಲಿನ ಕುಸುರಿಗೆಂದು ತೆರೆದ ಕಾರ್ಯಾಗಾರ ಈಗ ದುರಸ್ತಿ ಕಲಿಸುವ ಶಾಲೆಯೂ ಹೌದು. ಪಾಳು ಗುಡಿಗಳ ಚಿತ್ರಗಳಿಗೆ ಸುಣ್ಣ ಬಳಿಯುವ ನಮಗೆ ಇಂಥವರು ಬೇಡವೇ?

ಹೋಗುವವರು ಇಟಾಲಿಯನ್ ಕಲಿತೇ ಹೋಗಲಿ. ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ ಪಾಠ ಹೆಚ್ಚಾಗಿ ಆ ಭಾಷೆಯಲ್ಲೇ. ದುರಸ್ತಿ ಶಾಲೆಗೆ ಪ್ರವೇಶ ಪರೀಕ್ಷೆ ಇದೆ, ಸೀಟೂ ಕಡಿಮೆ. ಅಂದಹಾಗೆ, ತಿಂಗಳ ಮೊದಲ ಭಾನುವಾರ ಆ ಊರಿನ ಉಫಿಜಿ ಚಿತ್ರಕಲಾ ಮ್ಯೂಸಿಯಂಗೆ ಪ್ರವೇಶ ಉಚಿತ. ಕ್ಯೂ ಮಾತ್ರ ತಿರುಪತಿಯದೇ!

– ನಿವೃತ್ತ ಚಿತ್ರಕಲಾ ಶಿಕ್ಷಕ, ಧಾರವಾಡ