ಎನ್‌ಬಿಎ ಅಂಗಳಕ್ಕೆ ಇಳಿಯದ ಚಾಂಪಿಯನ್

ಮಾನ್ಯ ಸಂಪಾದಕರೇ,

ಕಳೆದ ವಾರ ತಮ್ಮ ಪತ್ರಿಕೆಯ ಕ್ರೀಡಾ ಪುಟದಲ್ಲಿ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಟಗಾರರ ಬಗ್ಗೆ ಪ್ರಕಟವಾದ ಬರಹವನ್ನು ಓದಿದೆ. ಎನ್‌ಬಿಎ ಎಂಬ ಅಮೆರಿಕದ ವೃತ್ತಿಪರ ಲೀಗ್‌ನ ತಂಡಗಳಲ್ಲಿ ಜಾಗ ಸಿಗದೆ ಯೂರೋಪಿಗೆ ಹೋಗುವ ಅಮೆರಿಕನ್ನರ ವಿಷಯವನ್ನು ಅದರಲ್ಲಿ ಎರಡೇ ಸಾಲಿನಲ್ಲಿ ಮುಗಿಸಿ, ಅವರೆಲ್ಲ ದೊಡ್ಡ ಆಟಕ್ಕೆ ಸಾಲದೆ ಹೊಟ್ಟೆಪಾಡಿಗಾಗಿ ಪರದೇಶದಲ್ಲಿ ಆಡುವವರು ಎಂಬಂತೆ ಬರೆಯಲಾಗಿತ್ತು. ಶಾಲಾ ಮಕ್ಕಳಿಗೆ ಈ ಆಟವನ್ನು ಹೇಳಿಕೊಡುವ ನಾನು ಆ ಮಾತನ್ನು ಒಪ್ಪಲಾರೆ. ಏಕೆ ಒಪ್ಪಲಾರೆ ಎಂಬುದನ್ನು ಒಬ್ಬ ಆಟಗಾರರ ವೃತ್ತಿಜೀವನವನ್ನು ಮುಂದಿಟ್ಟುಕೊಂಡು ಹೇಳುತ್ತೇನೆ. ಅವರ ಹೆಸರು ಕೈಲ್ ಹೈನ್ಸ್.

ನ್ಯೂಜೆರ್ಸಿ ರಾಜ್ಯದಲ್ಲಿ 1986ರಲ್ಲಿ ಹುಟ್ಟಿದ ಹೈನ್ಸ್, ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಗ್ರೀನ್ಸ್‌ಬರೊ ಶಾಖೆಯ ತಂಡದಲ್ಲಿ ನಾಲ್ಕು ವರ್ಷ ಆಡಿದರು. ಕಾಲೇಜು ದಿನಗಳಲ್ಲಿ ಅವರು ಗಳಿಸಿದ ಅಂಕಗಳು 2,000ಕ್ಕೂ ಹೆಚ್ಚು, ಹಿಡಿದ ರಿಬೌಂಡ್‌ಗಳು (ಬುಟ್ಟಿಗೆ ಬೀಳದೆ ಮರಳಿದ ಚೆಂಡುಗಳು) 1,000ಕ್ಕೂ ಹೆಚ್ಚು, ತಡೆದ ಶಾಟ್‌ಗಳು 300ಕ್ಕೂ ಹೆಚ್ಚು. ಈ ಮೂರನ್ನೂ ಒಟ್ಟಿಗೆ ಸಾಧಿಸಿದವರು ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ ಬೆರಳೆಣಿಕೆಯಷ್ಟು ಮಂದಿ ಮಾತ್ರ. ಆದರೂ 2008ರ ಎನ್‌ಬಿಎ ಡ್ರಾಫ್ಟ್‌ನಲ್ಲಿ (ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಪ್ರಕ್ರಿಯೆ) ಆಯ್ಕೆಯಾದ 60 ಹೆಸರುಗಳಲ್ಲಿ ಅವರ ಹೆಸರು ಇರಲಿಲ್ಲ. ಅವರು ಆಡುತ್ತಿದ್ದುದು ಬುಟ್ಟಿಯ ಬಳಿ ಆಡುವ ಸೆಂಟರ್ ಸ್ಥಾನದಲ್ಲಿ, ಎತ್ತರ ಆರು ಅಡಿ ಆರು ಅಂಗುಲ. ಏಳಡಿಯ ಆಸುಪಾಸಿನ ಸೆಂಟರ್‌ಗಳಿಗೆ ಒಗ್ಗಿಹೋಗಿದ್ದ ಎನ್‌ಬಿಎ ತಂಡಗಳಿಗೆ ಅವರು ಗಿಡ್ಡರಾಗಿ ಕಂಡರು.

ಅವರಿಗೆ ಕೆಲಸ ಸಿಕ್ಕಿದ್ದು ಇಟಲಿಯಲ್ಲಿ, ರೋಮ್ ನಗರದ ಆಗ್ನೇಯಕ್ಕಿರುವ ವೆರೊಲಿ ಎಂಬ ಪುಟ್ಟ ಊರಿನ ತಂಡದಲ್ಲಿ. ಅದು ಇಟಲಿಯ ಎರಡನೇ ದರ್ಜೆಯ ಲೀಗ್. ಅಲ್ಲಿ ಎರಡು ವರ್ಷ ಆಡಿ, ಜರ್ಮನಿಯ ಬಾಂಬೆರ್ಗ್ ತಂಡ ಸೇರಿ 2011ರಲ್ಲಿ ಆ ದೇಶದ ಲೀಗ್ ಮತ್ತು ಕಪ್ ಎರಡನ್ನೂ ಗೆದ್ದರು. ಅದೇ ವರ್ಷ ಗ್ರೀಸ್‌ನ ಒಲಿಂಪಿಯಾಕೋಸ್ ಕ್ಲಬ್ ಅವರನ್ನು ಕರೆಸಿಕೊಂಡಿತು. ಅಲ್ಲಿಂದ ಮುಂದೆ ನಡೆದದ್ದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ಗ್ರೀಸ್ ಸಾಲದ ಬಿಕ್ಕಟ್ಟಿನಲ್ಲಿ ನಲುಗುತ್ತಿದ್ದ ಕಾಲ ಅದು. ಒಲಿಂಪಿಯಾಕೋಸ್ ತನ್ನ ಖರ್ಚನ್ನು ಬಹಳಷ್ಟು ಇಳಿಸಿ, ಕಿರಿಯ ಆಟಗಾರರನ್ನು ನೆಚ್ಚಿಕೊಂಡು ತಂಡ ಕಟ್ಟಿತ್ತು. 2012ರ ಮೇ ತಿಂಗಳಲ್ಲಿ ಇಸ್ತಾಂಬುಲ್‌ನಲ್ಲಿ ನಡೆದ, ಯೂರೋಪಿನ ಅಗ್ರ ಕ್ಲಬ್‌ಗಳ ಟೂರ್ನಿಯಾದ ಯೂರೋಲೀಗ್‌ನ ಫೈನಲ್‌ನಲ್ಲಿ ಅದಕ್ಕೆ ಎದುರಾದದ್ದು ಹಣದಲ್ಲೂ ಹೆಸರಿನಲ್ಲೂ ಎಷ್ಟೋ ಮೇಲಿದ್ದ ಸಿಎಸ್‌ಕೆಎ ಮಾಸ್ಕೊ. ಮೂರನೇ ಕ್ವಾರ್ಟರ್‌ನ ಒಂದು ಹಂತದಲ್ಲಿ ಒಲಿಂಪಿಯಾಕೋಸ್ 34–53ರಿಂದ, ಅಂದರೆ 19 ಅಂಕಗಳಿಂದ ಹಿಂದಿತ್ತು. ಅಲ್ಲಿಂದ ಒಂದೊಂದೇ ಅಂಕ ಕೂಡಿಸುತ್ತ ಬಂದು, ಕೊನೆಯ ಹತ್ತು ಸೆಕೆಂಡುಗಳ ಹೊತ್ತಿಗೆ ಅಂತರವನ್ನು ಒಂದು ಅಂಕಕ್ಕೆ ಇಳಿಸಿತು. ಮಾಸ್ಕೊ ತಂಡದ ಅನುಭವಿ ಆಟಗಾರ ಶಿಶ್ಕೌಸ್ಕಸ್ ಎರಡು ಫ್ರೀ ಥ್ರೋಗಳನ್ನೂ ತಪ್ಪಿಸಿದರು. ಒಲಿಂಪಿಯಾಕೋಸ್‌ನ ಸ್ಪನೂಲಿಸ್ ಚೆಂಡನ್ನು ಅಂಗಳದ ಆ ತುದಿಗೆ ಒಯ್ದು ಜೊತೆಗಾರ ಪ್ರಿಂಟೆಜಿಸ್‌ಗೆ ದಾಟಿಸಿದರು; ಗಡಿಯಾರದಲ್ಲಿ ಒಂದು ಸೆಕೆಂಡೂ ಉಳಿಯದಿದ್ದಾಗ ಚೆಂಡು ರಿಂಗಿನೊಳಗೆ ಇಳಿಯಿತು. 62–61. ಮರುವರ್ಷ ಲಂಡನ್‌ನಲ್ಲಿ ರಿಯಲ್ ಮ್ಯಾಡ್ರಿಡ್ ಎದುರು ಮೊದಲ ಕ್ವಾರ್ಟರ್ ಮುಗಿದಾಗ 10–27ರಿಂದ ಹಿಂದಿದ್ದ ಇದೇ ತಂಡ 100–88ರಿಂದ ಗೆದ್ದಿತು. ಆ ಎರಡೂ ಗೆಲುವಿನ ತಂಡಗಳಲ್ಲಿ ಹೈನ್ಸ್ ಇದ್ದರು.

ತಾನು ಸೋಲಿಸಿದ ಸಿಎಸ್‌ಕೆಎ ತಂಡಕ್ಕೇ ಅವರು 2013ರಲ್ಲಿ ಹೋದರು. ಏಳು ವರ್ಷ ಮಾಸ್ಕೊದಲ್ಲಿ ಆಡಿ, 2016ರಲ್ಲಿ ಬರ್ಲಿನ್‌ನಲ್ಲಿ ಫೆನೆರ್‌ಬಾಚೆ ವಿರುದ್ಧ ಹೆಚ್ಚುವರಿ ಅವಧಿಯಲ್ಲಿ 101–96ರಿಂದ, 2019ರಲ್ಲಿ ಸ್ಪೇನ್‌ನ ವಿಟೊರಿಯಾದಲ್ಲಿ ಅನದೊಲು ಎಫೆಸ್ ವಿರುದ್ಧ 91–83ರಿಂದ ಮತ್ತೆರಡು ಯೂರೋಲೀಗ್ ಪ್ರಶಸ್ತಿಗಳನ್ನು ಗೆದ್ದರು. 2020ರಲ್ಲಿ ಒಲಿಂಪಿಯಾ ಮಿಲಾನೊ ಸೇರಿ, 2024ರಲ್ಲಿ ನಿವೃತ್ತರಾಗುವ ಮೊದಲು ಸತತ ಮೂರು ವರ್ಷ ಇಟಲಿಯ ಲೀಗ್ ಗೆದ್ದರು. ಯೂರೋಲೀಗ್‌ನ ಅತ್ಯುತ್ತಮ ರಕ್ಷಣಾ ಆಟಗಾರ ಎಂಬ ಗೌರವ ಅವರಿಗೆ 2016, 2018 ಮತ್ತು 2022ರಲ್ಲಿ ಸಂದಿತು. ಮೂರನೆಯದು ಬಂದಾಗ ಅವರಿಗೆ 35 ವರ್ಷ. ಈ ಪ್ರಶಸ್ತಿಗೆ ಮತ ಹಾಕುವವರು ಯೂರೋಲೀಗ್ ತಂಡಗಳ ಕೋಚ್‌ಗಳು ಎಂಬುದನ್ನು ಗಮನಿಸಬೇಕು. 2010ರಿಂದ 2020ರವರೆಗಿನ ದಶಕದ ಯೂರೋಲೀಗ್ ತಂಡದಲ್ಲೂ ಅವರ ಹೆಸರಿದೆ.

ಎತ್ತರ ಸಾಲದೆಂದು ಬಿಟ್ಟುಬಿಟ್ಟ ಆಟಗಾರ ಇಷ್ಟನ್ನು ಸಾಧಿಸಿದ್ದು ಹೇಗೆ? ಅಲ್ಲಿನ ಆಟ ಸುಲಭದ್ದಾಗಿತ್ತು ಎಂಬುದು ಇದಕ್ಕೆ ಉತ್ತರವಲ್ಲ. ಯೂರೋಪಿನ ಆಟ ಬೇರೆಯದು. ಅಲ್ಲಿ ಪಂದ್ಯ 48 ನಿಮಿಷದ್ದಲ್ಲ, 40 ನಿಮಿಷದ್ದು. ಐದು ಫೌಲ್‌ಗಳಿಗೇ ಆಟಗಾರ ಹೊರಗೆ ಹೋಗಬೇಕು. ಎನ್‌ಬಿಎಯಲ್ಲಿ ಯಾವ ಎದುರಾಳಿಯನ್ನೂ ತಡೆಯದೆ ಬುಟ್ಟಿಯ ಮುಂದಿನ ಆಯತದಲ್ಲಿ ರಕ್ಷಕ ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲುವಂತಿಲ್ಲ. ಅಂತರರಾಷ್ಟ್ರೀಯ ನಿಯಮದಲ್ಲಿ ಆ ನಿರ್ಬಂಧವೇ ಇಲ್ಲ. ಹಾಗಾಗಿ ಬುಟ್ಟಿಯ ಬಳಿ ಸದಾ ಜನಸಂದಣಿ. ಒಬ್ಬನೇ ನುಗ್ಗಿ ಗೆಲ್ಲುವ ಆಟಕ್ಕಿಂತ ಸ್ಕ್ರೀನ್ (ಜೊತೆಗಾರನಿಗೆ ದಾರಿ ತೆರವಾಗಲೆಂದು ಎದುರಾಳಿಗೆ ಅಡ್ಡ ನಿಲ್ಲುವುದು), ಪಾಸ್ ಮತ್ತು ನಿಂತ ಜಾಗಕ್ಕೆ ಅಲ್ಲಿ ಬೆಲೆ ಹೆಚ್ಚು.

ಹೈನ್ಸ್ ಅವರ ರಕ್ಷಣೆಯನ್ನು ವಿಡಿಯೊಗಳಲ್ಲಿ ನಿಧಾನವಾಗಿ ನೋಡಬೇಕು. ಎದುರಾಳಿ ಸೆಂಟರ್ ಸ್ಕ್ರೀನ್ ನಿಲ್ಲಿಸಿ, ಚೆಂಡು ನಡೆಸುವ ಗಾರ್ಡ್ ಅದನ್ನು ಸವರಿಕೊಂಡು ಬರುತ್ತಿದ್ದಂತೆ, ಸಾಮಾನ್ಯ ಸೆಂಟರ್ ಹಿಂದಕ್ಕೆ ಸರಿದು ಬುಟ್ಟಿ ಕಾಯುತ್ತಾನೆ. ಗಾರ್ಡ್‌ಗೆ ಶಾಟ್ ಹೊಡೆಯಲು ಬಿಡುವು ಸಿಗುತ್ತದೆ. ಹೈನ್ಸ್ ಹಿಂದೆ ಸರಿಯುತ್ತಿರಲಿಲ್ಲ. ಸೊಂಟ ತಗ್ಗಿಸಿ, ಪಾದಗಳನ್ನು ಅಡ್ಡಡ್ಡವಾಗಿ ಜಾರಿಸುತ್ತ, ತನಗಿಂತ ಚುರುಕಾದ ಗಾರ್ಡ್‌ನ ಎದೆಯ ಮುಂದೆಯೇ ಉಳಿಯುತ್ತಿದ್ದರು. ಮರುಕ್ಷಣ ಏಳಡಿಯವನು ಮೈಮೇಲೆ ಬಿದ್ದರೆ, ಅವನು ಕೈ ಎತ್ತುವ ಮುನ್ನವೇ ಬೆನ್ನು ಮತ್ತು ತೊಡೆಗಳ ಬಲದಿಂದ ಅವನನ್ನು ಬುಟ್ಟಿಯಿಂದ ಎರಡು ಹೆಜ್ಜೆ ಆಚೆಗೆ ತಳ್ಳಿ ರಿಬೌಂಡ್‌ನ ಜಾಗ ಹಿಡಿಯುತ್ತಿದ್ದರು. ಈ ಆಟ, ಅಂಕಪಟ್ಟಿಯಲ್ಲಿ ಒಂದು ಅಂಕಿಯಾಗಿಯೂ ಕಾಣುವುದಿಲ್ಲ.

ಆ ಬರಹದ ಲೇಖಕರು ಮರೆತ ಇನ್ನೊಂದು ಸಂಗತಿ ಎಂದರೆ, ಆ ಲೀಗ್‌ಗಳಲ್ಲಿ ಎದುರಿಗಿರುವವರು ಯಾರು ಎಂಬುದು. ಹೈನ್ಸ್ ಜೊತೆ ಆಡಿದ ಸ್ಪನೂಲಿಸ್ 2006–07ರಲ್ಲಿ ಎನ್‌ಬಿಎಯ ಹ್ಯೂಸ್ಟನ್ ತಂಡದಲ್ಲಿದ್ದು, ಒಂದೇ ವರ್ಷಕ್ಕೆ ಗ್ರೀಸ್‌ಗೆ ಮರಳಿದವರು. ಅದಕ್ಕೂ ಮುಂಚೆ 2006ರ ವಿಶ್ವ ಚಾಂಪಿಯನ್‌ಷಿಪ್‌ನ ಸೆಮಿಫೈನಲ್‌ನಲ್ಲಿ ಜಪಾನಿನ ಸೈತಾಮಾದಲ್ಲಿ ಅಮೆರಿಕವನ್ನು 101–95ರಿಂದ ಸೋಲಿಸಿದ ಗ್ರೀಸ್ ತಂಡದಲ್ಲಿ ಅವರು 22 ಅಂಕ ಗಳಿಸಿದ್ದರು. 2023ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಜರ್ಮನಿ ಇದೇ ಅಮೆರಿಕವನ್ನು 113–111ರಿಂದ ಮಣಿಸಿತು. ಇಂಥ ಆಟಗಾರರನ್ನು ಬೆಳೆಸಿದ ಲೀಗ್‌ಗಳನ್ನು ಎನ್‌ಬಿಎಯ ಹಿತ್ತಲೆಂದು ಕರೆಯುವುದು ನ್ಯಾಯವಲ್ಲ.

ಹಾಗೆಂದು ಪರದೇಶದ ಜೀವನ ಹೂವಿನ ಹಾದಿಯಲ್ಲ. ಒಪ್ಪಂದದಲ್ಲಿ ತೆರಿಗೆ ಕಳೆದು ಕೈಗೆ ಬರುವ ಮೊತ್ತ ಬರೆದಿರುತ್ತದೆ, ಕ್ಲಬ್ ಮನೆ ಮತ್ತು ಕಾರು ಕೊಡುತ್ತದೆ ನಿಜ; ಆದರೆ ಸಂಬಳ ಹೊತ್ತಿಗೆ ಬಾರದ ಕ್ಲಬ್‌ಗಳೂ ಉಂಟು. ಇಂಥ ವ್ಯಾಜ್ಯಗಳಿಗಾಗಿಯೇ ಅಂತರರಾಷ್ಟ್ರೀಯ ಸಂಸ್ಥೆ ಫಿಬಾ 2007ರಲ್ಲಿ ಒಂದು ಮಧ್ಯಸ್ಥಿಕೆ ಮಂಡಳಿಯನ್ನು ಸ್ಥಾಪಿಸಬೇಕಾಯಿತು. ವಾರದ ನಡುವೆ ಯೂರೋಲೀಗ್, ವಾರಾಂತ್ಯಕ್ಕೆ ದೇಶೀಯ ಲೀಗ್. ಮಾಸ್ಕೊ ತಂಡದಲ್ಲಿದ್ದವರಿಗೆ ನೆರೆದೇಶಗಳ ತಂಡಗಳೂ ಆಡುತ್ತಿದ್ದ ಆ ದೇಶೀಯ ಲೀಗ್ ಎಂದರೆ ಸೈಬೀರಿಯಾದ ಕ್ರಾಸ್ನೊಯಾರ್ಸ್ಕ್, ಕಜಾಕಸ್ತಾನದ ಅಸ್ತಾನಾವರೆಗಿನ ಪಯಣ. ಹೊಸ ಭಾಷೆ, ಹೊಸ ಕೋಚ್, ವಿದೇಶಿಯರ ಸಂಖ್ಯೆಗೆ ಮಿತಿ ಹಾಕುವ ನಿಯಮಗಳು. ವಿದೇಶಿ ಆಟಗಾರ ನಾಲ್ಕು ಪಂದ್ಯ ಸರಿಯಾಗಿ ಆಡದಿದ್ದರೆ ಅವನ ಜಾಗಕ್ಕೆ ಇನ್ನೊಬ್ಬ ಬಂದಿರುತ್ತಾನೆ. ಅಂಥಲ್ಲಿ 16 ವರ್ಷ ಕೇವಲ ಐದು ಕ್ಲಬ್‌ಗಳಲ್ಲಿ ಆಡಿದ್ದು, ಬಿಟ್ಟುಹೋಗಬಾರದೆಂದು ಪ್ರತಿ ತಂಡವೂ ಬಯಸುವಂತೆ ಆಡಿದ್ದು, ನನ್ನ ದೃಷ್ಟಿಯಲ್ಲಿ ಪ್ರಶಸ್ತಿಗಳಿಗಿಂತ ದೊಡ್ಡ ಮಾತು.

ಇದನ್ನೆಲ್ಲ ಬರೆಯಲು ನನಗೆ ಒಂದು ಕಾರಣವಿದೆ. ಆಯ್ಕೆಯ ದಿನ ಗೋಡೆಗೆ ಒರಗಿಸಿ ಎತ್ತರ ಅಳೆದು ಮಕ್ಕಳನ್ನು ಪಕ್ಕಕ್ಕೆ ನಿಲ್ಲಿಸುವುದನ್ನು ನಾನು ಈಗಲೂ ನೋಡುತ್ತೇನೆ. ಹಾಗೆ ಪಕ್ಕಕ್ಕೆ ನಿಂತ ಹುಡುಗರು ಮನೆಗೆ ಹೋಗಿ ಓದುವುದು ತಮ್ಮ ಪತ್ರಿಕೆಯ ಕ್ರೀಡಾ ಪುಟವನ್ನೇ. ಎನ್‌ಬಿಎಯ ತಾರೆಯರ ಸುದ್ದಿ ಅವರಿಗೆ ನಿತ್ಯ ಸಿಗುತ್ತದೆ. ಹೈನ್ಸ್ ಎಂಬ ಹೆಸರನ್ನು ನಾನು ಹೇಳುವವರೆಗೆ ಅವರಲ್ಲಿ ಒಬ್ಬರೂ ಕೇಳಿರಲಿಲ್ಲ.

ಯೂರೋಲೀಗ್‌ನ ಕೊನೆಯ ನಾಲ್ಕು ತಂಡಗಳ ಹಣಾಹಣಿ ಸಾಮಾನ್ಯವಾಗಿ ಮೇ ತಿಂಗಳಲ್ಲಿ ನಡೆಯುತ್ತದೆ. ಮುಂದಿನ ಬಾರಿ ಸೆಮಿಫೈನಲ್ ಮತ್ತು ಫೈನಲ್ ಪಂದ್ಯಗಳ ಬಗ್ಗೆ ಬರೀ ಅಂಕಗಳನ್ನು ಕೊಡದೆ, ಯಾರು ಯಾರನ್ನು ಹೇಗೆ ತಡೆದರು ಎಂಬುದನ್ನೂ ತಿಳಿಸುವ ಒಂದು ಪೂರ್ಣ ವರದಿಯನ್ನು, ಅಲ್ಲಿ ಆಡುವ ಅಮೆರಿಕನ್ ಆಟಗಾರರೊಬ್ಬರ ಪರಿಚಯವನ್ನು ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಬ್ಯಾಸ್ಕೆಟ್‌ಬಾಲ್ ತರಬೇತುದಾರ, ಮಂಡ್ಯ