ಸಾಲ್ಕಣಿ ಕಾಡಿಗೆ ಹೋಗಿ ಬಂದೆ

ಪ್ರೀತಿಯ ಗೆಳೆಯಾ,

ನಿನ್ನೆ ನಮ್ಮ ಶಿರಸಿ ಹತ್ತಿರದ ಸಾಲ್ಕಣಿ ಕಡೆಯ ಕಾಡು ಸುತ್ತಿ ಬಂದೆ. ಮಳೆ ಇನ್ನೂ ಪೂರ್ತಿ ಹೊಳವಾಗಿಲ್ಲ. ಕಾಲಿಗೆ ಸುಣ್ಣ ಬಳಿದುಕೊಂಡೇ ಹೊರಟಿದ್ದೆ. ಆದರೂ ಉಂಬಳ, ಅಂದರೆ ಜಿಗಣೆ, ಬಿಡಲಿಲ್ಲ. ಒಂದಂತೂ ಬೆರಳ ಸಂದಿಯಲ್ಲಿ ಕೂತು ರಕ್ತ ಕುಡಿದು ನೇರಳೆ ಹಣ್ಣಿನ ಹಾಗೆ ಊದಿತ್ತು. ಅದನ್ನು ಕೀಳುವಾಗ ಆ ಊರಿನ ಜನ ನೆನಪಾದರು. 1983ರ ಸೆಪ್ಟೆಂಬರ್ 8ರಂದು ಅವರೂ ಇಂಥದೇ ಉಂಬಳ ತುಳಿದುಕೊಂಡು ಮೈಲಿಗಟ್ಟಲೆ ನಡೆದಿದ್ದರು. ಗಂಡಸರು, ಹೆಂಗಸರು, ಮಕ್ಕಳು ಎಲ್ಲ ಹೋಗಿ ಕೊಡಲಿಗೆ ಅಡ್ಡವಾಗಿ ಮರ ತಬ್ಬಿ ನಿಂತರು. ಮರ ಉಳಿಸುವ ಅಪ್ಪಿಕೋ ಚಳವಳಿ ಶುರುವಾಗಿದ್ದು ಅಲ್ಲೇ.

ನಾವಿದನ್ನು ಶಾಲೆಯಲ್ಲಿ ಓದಿದ್ದೆವು, ಅಲ್ವಾ? ಹಿಮಾಲಯದಲ್ಲಿ ಮರ ತಬ್ಬಿ ಉಳಿಸಿದ ಚಿಪ್ಕೋ ಚಳವಳಿ, ಅದರ ಮುಂದಾಳು ಸುಂದರಲಾಲ್ ಬಹುಗುಣ, ನಮ್ಮ ಅಪ್ಪಿಕೋದ ಪಾಂಡುರಂಗ ಹೆಗಡೆ ಅಂತ ಬಾಯಿಪಾಠ ಮಾಡಿದ್ದೆವು. ಆ ಜನರ ಸಂಕಟ ನನಗೆ ಅರ್ಥವಾಗಿದ್ದು ಮಾತ್ರ ನಿನ್ನೆ.

ದಾರಿಯಲ್ಲಿ ಒಂದು ದೊಡ್ಡ ಮರ ಗಾಳಿಗೆ ಉರುಳಿತ್ತು. ಬೀಳುವಾಗ ಬಳ್ಳಿಗಳನ್ನು ಜಗ್ಗಿಕೊಂಡು ಸುತ್ತಲಿನ ಮರಗಳನ್ನೂ ಕೆಡವಿದೆ. ಎಣಿಸಿದೆ, ಏಳು. ಸಸಿಗಳ ಲೆಕ್ಕ ಬೇರೆ. ಮೇಲೆ ಆಕಾಶ ತೂತು ಬಿದ್ದ ಹಾಗಿತ್ತು. ಕೆಳಗೆ ಬಿಸಿಲು ಬಿದ್ದಲ್ಲೆಲ್ಲ ಯುಪಟೋರಿಯಂ ಕಳೆ ಎದ್ದಿತ್ತು. ನಾಲ್ಕು ಹೆಜ್ಜೆ ಆಚೆ, ನೆರಳಲ್ಲಿ, ದರಕು, ಅಂದರೆ ಉದುರಿದ ಒಣ ಎಲೆ, ಸರಿಸಿ ಕೈ ಇಟ್ಟರೆ ಮಣಿಕಟ್ಟಿನ ತನಕ ತಣ್ಣಗೆ ಇಳಿಯಿತು. ಹಿಂಡಿದರೆ ನೀರು ಬರುವಂಥ ಮಣ್ಣು.

ಆಗ ಅರಣ್ಯ ಇಲಾಖೆಯವರು ಗುರುತು ಹಾಕಿದ ಮರ ಮಾತ್ರ ಕಡಿಯುತ್ತೇವೆ ಅನ್ನುತ್ತಿದ್ದರು. ಕಾಗದದಲ್ಲಿ ಅದು ಒಂದೇ ಮರ. ಕಾಡಿನಲ್ಲಿ ಅದರ ಜೊತೆ ಎಷ್ಟು ಹೋಗುತ್ತವೆ ಅಂತ ಊರವರು ಕಣ್ಣಾರೆ ಕಂಡಿದ್ದರು. ಪ್ಲೈವುಡ್ಡಿಗೆ ಅಂತ ದೊಡ್ಡ ಮರಗಳು ಹೋಗುತ್ತಿದ್ದವು. ಎಷ್ಟೋ ಕಡೆ ಕಾಡು ಬೋಳಿಸಿ ಸಾಗವಾನಿ ನೆಟ್ಟಿದ್ದರು. ಮೇಲಿನ ಕಾಡು ಹೋದರೆ ಕೆಳಗಿನ ಅಡಿಕೆ ತೋಟದ ಹಳ್ಳ ಬೇಸಿಗೆಯ ತನಕ ಎಲ್ಲಿ ಹರಿಯಬೇಕು ಹೇಳು?

ಉಳಿಸು, ಬೆಳೆಸು, ಬಳಸು ಅಂದರು ಅಪ್ಪಿಕೋದವರು. ನನಗೆ ಜಾಸ್ತಿ ಇಷ್ಟವಾಗೋದು ಆ ಕೊನೆಯ ಮಾತು. ಕಾಡು ಮುಟ್ಟಲೇಬೇಡಿ ಅಂತ ಅವರು ಹೇಳಲಿಲ್ಲ. ಬೆಟ್ಟದಿಂದ ಸೊಪ್ಪು, ದರಕು ತಂದು ತೋಟಕ್ಕೆ ಹಾಕಿ ಬದುಕಿದವರು ಅವರು. ಸೊಪ್ಪು ಸವರಿದರೆ ಮರ ಮತ್ತೆ ಚಿಗುರುತ್ತದೆ. ಬುಡ ಕಡಿದವರು ಲಾರಿ ತುಂಬಿಕೊಂಡು ಹೋಗುತ್ತಾರೆ, ಮತ್ತೆ ಈ ಕಡೆ ಬರುವುದಿಲ್ಲ. ಕೊನೆಗೂ ಮಲೆನಾಡಿನ ಕಾಡಲ್ಲಿ ಹಸಿಮರ ಕಡಿಯೋದನ್ನು ಸರ್ಕಾರ ನಿಲ್ಲಿಸಿತು.

ಈಗ ಬೇಡ್ತಿ ಹೊಳೆಯ ನೀರನ್ನು ವರದಾ ನದಿಗೆ ಒಯ್ಯುವ ಮಾತು ನಡೆದಿದೆ. ಕಾಲುವೆ, ಪೈಪು, ರಸ್ತೆ ಅಂದಾಗೆಲ್ಲ ಎಷ್ಟು ಮರ ಹೋಗುತ್ತವೆ ಅಂತ ಒಂದು ಸಂಖ್ಯೆ ಕೊಡುತ್ತಾರೆ. ಇನ್ನು ಮೇಲೆ ಅಂಥ ಸಂಖ್ಯೆ ಓದಿದರೆ ನನಗೆ ಆ ಬಿದ್ದ ಮರ, ಅದರಡಿಯ ಏಳು ಮರ ಕಣ್ಣ ಮುಂದೆ ಬರುತ್ತವೆ.

ದೀಪಾವಳಿಗೆ ಬಾ. ಅಷ್ಟರಲ್ಲಿ ಉಂಬಳವೂ ಕಡಿಮೆ ಆಗಿರುತ್ತದೆ. ಬೆಳಿಗ್ಗೆ ಬೇಗ ಹೊರಡೋಣ, ಆ ಮರದ ಹತ್ತಿರ ಬುತ್ತಿ ಬಿಚ್ಚೋಣ. ನೀನೂ ಒಮ್ಮೆ ಆ ಮಣ್ಣಲ್ಲಿ ಕೈ ಇಟ್ಟು ನೋಡು.

ನಿನ್ನ ಗೆಳೆಯ
ಶಿರಸಿ