ಐವತ್ತು ಜನರಿಲ್ಲದ ಹೋಟೆಲಿಗೂ ಕಾನೂನು ಇದೆ

ಮಾನ್ಯ ಸಂಪಾದಕರೇ,

ಅಮೆರಿಕದ ಕೆಲವು ರಾಜ್ಯಗಳಲ್ಲಿರುವ ‘ರೈಟ್ ಟು ವರ್ಕ್’ ಕಾಯ್ದೆಯನ್ನು ನಮ್ಮ ಪತ್ರಿಕೆಗಳು ‘ಉದ್ಯೋಗದ ಹಕ್ಕು’ ಎಂದು ಬರೆಯುವುದು ತಪ್ಪು. ಅದು ಯಾರಿಗೂ ಕೆಲಸ ಕೊಡಿಸುವುದಿಲ್ಲ. ಕೆಲಸ ಉಳಿಯಬೇಕಾದರೆ ಯೂನಿಯನ್ನಿಗೆ ಹಣ ಕಟ್ಟಲೇಬೇಕೆಂಬ ಕರಾರನ್ನು ನಿಷೇಧಿಸುತ್ತದೆ, ಅಷ್ಟೆ. ಮಿಷಿಗನ್ ರಾಜ್ಯ 2012ರಲ್ಲಿ ಇಂಥದ್ದನ್ನು ತಂದು, 2023ರಲ್ಲಿ ತಾನೇ ರದ್ದು ಮಾಡಿತು.

ನಮ್ಮಲ್ಲಿ ಚಂದಾ ಕಡ್ಡಾಯವಲ್ಲ. ಆದರೂ ಯೂನಿಯನ್ನಿನ ಬಲವೆಲ್ಲ ಚಂದಾ ರಸೀದಿಯಲ್ಲೇ ಇದೆ. ಮಹಾರಾಷ್ಟ್ರದ 1971ರ ಕಾರ್ಮಿಕ ಸಂಘ ಮಾನ್ಯತೆ ಕಾಯ್ದೆಯಡಿ, 50 ಅಥವಾ ಹೆಚ್ಚು ಜನ ದುಡಿಯುವ ಕಡೆ ಯೂನಿಯನ್ನಿಗೆ ಮಾನ್ಯತೆ (ಕಾರ್ಮಿಕರ ಪರವಾಗಿ ಮಾಲೀಕರೊಂದಿಗೆ ಮಾತನಾಡುವ ಅಧಿಕೃತ ಸ್ಥಾನ) ಸಿಗಬೇಕಾದರೆ ಅರ್ಜಿಗೆ ಹಿಂದಿನ ಆರು ತಿಂಗಳೂ ಶೇ 30ರಷ್ಟು ಸದಸ್ಯರಿರಬೇಕು. 200 ಜನರಿದ್ದರೆ 60. ತಿಂಗಳ ಚಂದಾ ಕನಿಷ್ಠ 50 ಪೈಸೆ (ಇವತ್ತು ಅದಕ್ಕೆ ಅರ್ಧ ಗುಟುಕು ಕಟಿಂಗ್ ಚಹಾವೂ ಬರದು). ಆ ಆರು ತಿಂಗಳಲ್ಲಿ ಮೂರಕ್ಕಿಂತ ಹೆಚ್ಚು ತಿಂಗಳ ಬಾಕಿ ಇಟ್ಟವನು ಲೆಕ್ಕಕ್ಕೇ ಬರುವುದಿಲ್ಲ. ಅರ್ಜಿ ಹಾಕುವ ವಾರದಲ್ಲಿ ಒಟ್ಟಿಗೆ ಹರಿದ ರಸೀದಿಗಳು ಔದ್ಯೋಗಿಕ ನ್ಯಾಯಾಲಯದಲ್ಲಿ ನಿಲ್ಲುವುದು ಕಷ್ಟ. ತಿಂಗಳು ತಿಂಗಳಿಗೆ ರಸೀದಿ ಕೊಟ್ಟು, ಪ್ರತಿ ಹೆಸರನ್ನೂ ಹಾಜರಿ ಪಟ್ಟಿಯೊಂದಿಗೆ ತಾಳೆ ನೋಡಿಡಬೇಕು.

ಮುಂಬಯಿಯ ಉಡುಪಿ ಹೋಟೆಲುಗಳಲ್ಲಿ ಎಷ್ಟೋ ಕಡೆ ಐವತ್ತು ಜನರೇ ಇರುವುದಿಲ್ಲ. ಹಾಗಾಗಿ ಈ ಕಾಯ್ದೆ ತಮಗಲ್ಲ ಎಂದು ಮಾಣಿಗಳೂ ಅಡುಗೆಯವರೂ ಸುಮ್ಮನಾಗುತ್ತಾರೆ. ಐವತ್ತರ ಮಿತಿ ಇರುವುದು ಮಾನ್ಯತೆಯ ಅಧ್ಯಾಯಕ್ಕೆ ಮಾತ್ರ. ಸೇಡಿಗಾಗಿ ಕೆಲಸದಿಂದ ತೆಗೆಯುವುದು, ಖಾಯಂ ಮಾಡದೆ ವರ್ಷಗಟ್ಟಲೆ ‘ಬದಲಿ’ ಎಂದು ದುಡಿಸುವುದು, ಮಾಡಿಕೊಂಡ ಒಪ್ಪಂದ ಮುರಿಯುವುದು — ಇವು ಇದೇ ಕಾಯ್ದೆಯ ನಾಲ್ಕನೇ ಅನುಸೂಚಿಯ ಅನುಚಿತ ಪದ್ಧತಿಗಳು. ಇವುಗಳ ದೂರಿಗೆ ಆ ಮಿತಿಯಿಲ್ಲ. ಕೆಲಸದಿಂದ ತೆಗೆದ ದೂರು ಕಾರ್ಮಿಕ ನ್ಯಾಯಾಲಯಕ್ಕೆ, ಉಳಿದವು ಔದ್ಯೋಗಿಕ ನ್ಯಾಯಾಲಯಕ್ಕೆ. ಅವಧಿ 90 ದಿನ. ‘ಊರಿಗೆ ಹೋಗಿ ಬಾ, ಆಮೇಲೆ ನೋಡೋಣ’ ಎಂಬ ಮಾತು ನಂಬಿ ಊರಲ್ಲೇ ಮೂರು ತಿಂಗಳು ಕಳೆದವನು, ತಡವಾದುದಕ್ಕೆ ನ್ಯಾಯಾಲಯ ಒಪ್ಪುವ ಕಾರಣ ಹೇಳಬೇಕಾಗುತ್ತದೆ.

ಇನ್ನೊಂದು ತೊಡಕು ಗುತ್ತಿಗೆಯದು. ಇವನು ಗುತ್ತಿಗೆದಾರನ ಆಳು, ನಮ್ಮ ನೌಕರನೇ ಅಲ್ಲ ಎಂದು ಮಾಲೀಕ ವಾದಿಸಿದರೆ ಆ ತಕರಾರನ್ನು ಈ ಕಾಯ್ದೆಯಡಿ ತೀರ್ಮಾನಿಸಲಾಗದು ಎಂದು 2001ರಲ್ಲಿ ಸಿಪ್ಲಾ ಔಷಧ ಕಂಪನಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದಕ್ಕೇ ಸಂಬಳ ಜಮೆಯಾದ ಬ್ಯಾಂಕ್ ಪಾಸ್‌ಬುಕ್, ಇಎಸ್‌ಐ ಕಾರ್ಡು, ಪಿಎಫ್ ಸಂಖ್ಯೆ ಇವುಗಳ ನಕಲನ್ನು ಕೆಲಸದಲ್ಲಿರುವಾಗಲೇ ತೆಗೆದಿಡಬೇಕು.

ಕೇಂದ್ರದ 2020ರ ಕೈಗಾರಿಕಾ ಸಂಬಂಧ ಸಂಹಿತೆಯ ಲೆಕ್ಕವೇ ಬೇರೆ: ಶೇ 51 ಬೆಂಬಲವಿದ್ದರೆ ಆ ಒಂದೇ ಯೂನಿಯನ್ ಮಾತುಕತೆಗೆ, ಯಾರಿಗೂ ಅಷ್ಟಿಲ್ಲದಿದ್ದರೆ ಶೇ 20 ಇರುವವರ ಮಂಡಳಿ. ಶೇ 30 ಪಡೆದು ಮಾನ್ಯತೆ ಗಳಿಸಿದವರ ಸ್ಥಾನವೇನು ಎಂಬುದನ್ನು ರಾಜ್ಯದ ಕಾರ್ಮಿಕ ಇಲಾಖೆ ಹೋಟೆಲ್ ಕಾರ್ಮಿಕರಿಗೂ ತಿಳಿಯುವ ಭಾಷೆಯಲ್ಲಿ ಪ್ರಕಟಿಸಲಿ.

— ಕಾರ್ಮಿಕ ಸಂಘಟಕರು, ಪರೇಲ್, ಮುಂಬಯಿ